‘ಆಣೆಯಿಟ್ಟು ಹೇಳಿದ್ದಾರೆ’: ಅಫಿಡವಿಟ್ ಎಂಬ ಲ್ಯಾಟಿನ್ ಮಾತು ಹಾಸನಕ್ಕೆ ಬಂದು ಕೂತ ಬಗೆ

ಬೆಳಿಗ್ಗೆ ಹತ್ತೂವರೆ ಹೊತ್ತಿಗೆ ಚನ್ನರಾಯಪಟ್ಟಣ, ಅರಕಲಗೂಡು, ಹೊಳೆನರಸೀಪುರ ಯಾವುದಾದರೂ ಊರಿನ ಕೋರ್ಟು ಇಲ್ಲವೇ ತಾಲ್ಲೂಕು ಕಚೇರಿಯ ಆಸುಪಾಸಿಗೆ ಹೋದರೆ ಕಾಣುವ ನೋಟ ಹೆಚ್ಚುಕಡಿಮೆ ಒಂದೇ. ಜೆರಾಕ್ಸ್ ಅಂಗಡಿಯ ಮುಂದೆ ಜನ. ಕಂಪ್ಯೂಟರ್ ಮುಂದೆ ಕೂತ ಟೈಪಿಸ್ಟ್ ತಲೆಯೆತ್ತುವುದಿಲ್ಲ. ಪಕ್ಕದ ಮೇಜಿನ ಹಿಂದೆ ನೋಟರಿ ವಕೀಲರು. ಮುಂದೆ ದಪ್ಪ ರಿಜಿಸ್ಟರು, ಇಂಕ್ ಪ್ಯಾಡು, ದುಂಡು ಮೊಹರು. ಹಳ್ಳಿ ಬಸ್ಸು ಇಳಿದು ಬಂದ ಅಜ್ಜಿಯೊಬ್ಬರು ಪ್ಲಾಸ್ಟಿಕ್ ಕವರಿನೊಳಗಿಂದ ಒಂದೊಂದೇ ಕಾಗದ ತೆಗೆದು ಮೇಜಿನ ಮೇಲೆ ಇಡುತ್ತಾರೆ.

“ಆಧಾರಲ್ಲಿ ನಿಂಗಮ್ಮ ಅಂತೈತೆ, ಪಾಣೀಲಿ ನಿಂಗಾಜಮ್ಮ ಅಂತೈತೆ. ಯಾವ್ದಜ್ಜಿ ನಿನ್ ಹೆಸ್ರು?”

“ಎಲ್ಡೂ ನಾನೇ ಕಣಪ್ಪ. ತೌರಲ್ಲೊಂದು ಕರೆಯೋರು, ಇಲ್ಲೊಂದು ಕರೆಯೋರು.”

“ಹಂಗಾರೆ ಒಂದು ಅಪಿಡೆವಿಟ್ ಮಾಡಿಸ್ಬೇಕು.”

ಹತ್ತು ನಿಮಿಷದಲ್ಲಿ ಕಾಗದ ಸಿದ್ಧ. ಈ ಎರಡೂ ಹೆಸರಿನವರು ಬೇರೆ ಬೇರೆಯಲ್ಲ, ಅದು ನಾನೇ ಎಂದು ದೇವರ ಹೆಸರಿನಲ್ಲಿ ಪ್ರಮಾಣ ಮಾಡಿ ಹೇಳುವ ನಾಲ್ಕು ಸಾಲು. ಕೆಳಗೆ ನೀಲಿ ಶಾಯಿಯ ಹೆಬ್ಬೆಟ್ಟು, ಪಕ್ಕದಲ್ಲಿ ‘ನನ್ನ ಸಮಕ್ಷಮ’ ಎಂಬ ಬರಹ, ನೋಟರಿಯ ರುಜು, ಮೊಹರು. ಹೆಸರು ತಿದ್ದಿಸಲು, ಕಳೆದುಹೋದ ಅಂಕಪಟ್ಟಿಗೆ, ವಂಶವೃಕ್ಷಕ್ಕೆ, ವಿದ್ಯುತ್ ಮೀಟರ್ ವರ್ಗಾವಣೆಗೆ, ಸಾಲಕ್ಕೆ, ಚುನಾವಣೆಗೆ ನಿಲ್ಲುವುದಕ್ಕೆ, ಎಲ್ಲಕ್ಕೂ ಬೇಕಾದ ಕಾಗದ ಇದು. ಮಾಡಿಸದವರೇ ಕಡಿಮೆ. ಅದು ಏನು ಹೇಳುತ್ತದೆ, ಯಾರನ್ನು ಕಟ್ಟಿಹಾಕುತ್ತದೆ ಎಂದು ಕೇಳಿದರೆ ಮಾತ್ರ ಓದಿದವರೂ ತಡವರಿಸುತ್ತಾರೆ.

ಒಂದು ಪದದೊಳಗೆ ಇಡೀ ವಾಕ್ಯ

ಅಫಿಡವಿಟ್ ಇಂಗ್ಲಿಷಿನದು ಎಂದು ನಾವು ಅಂದುಕೊಂಡಿದ್ದೇವೆ. ಇಂಗ್ಲಿಷಿಗೂ ಅದು ಕೈಗಡವೇ. ಮಧ್ಯಯುಗದ ಲ್ಯಾಟಿನ್ನಿನಲ್ಲಿ ‘ಅಫಿಡಾರೆ’ ಎಂಬ ಕ್ರಿಯಾಪದವಿತ್ತು. ತನ್ನ ನಂಬಿಕೆಯನ್ನೇ ಒತ್ತೆಯಿಟ್ಟು ಹೇಳುವುದು ಎಂದು ಅದರ ಅರ್ಥ. ಅದರ ಭೂತಕಾಲದ, ಪ್ರಥಮ ಪುರುಷದ ಏಕವಚನ ರೂಪವೇ ‘ಅಫಿಡವಿಟ್’.

ಕನ್ನಡದ ಕಿವಿಗೆ ಇದು ಸುಲಭವಾಗಿ ಹೊಂದುತ್ತದೆ. ‘ಬಂದಳು’ ಎಂದರೆ ಸಾಕು, ಬಂದದ್ದು ಹೆಣ್ಣು, ಒಬ್ಬಳು, ಬಂದಾಯಿತು ಎಂಬ ಮೂರೂ ಗೊತ್ತಾಗುತ್ತದೆ. ಲ್ಯಾಟಿನ್ ಕ್ರಿಯಾಪದವೂ ಕರ್ತೃವನ್ನು ಬಾಲದಲ್ಲೇ ಹೊತ್ತುಕೊಂಡಿರುತ್ತದೆ. ನಮಗೂ ಅದಕ್ಕೂ ಇರುವ ವ್ಯತ್ಯಾಸ ಒಂದೇ: ಲ್ಯಾಟಿನ್ನಿನ ಆ ಬಾಲ ಹೆಣ್ಣು ಗಂಡು ಎಂದು ಬೇರೆ ಮಾಡುವುದಿಲ್ಲ. ಹಾಗಾಗಿ ಅಫಿಡವಿಟ್ ಎಂದರೆ ‘ಆಣೆಯಿಟ್ಟು ಹೇಳಿದ್ದಾನೆ’ ಎಂದೂ ಆಗುತ್ತದೆ, ‘ಹೇಳಿದ್ದಾಳೆ’ ಎಂದೂ ಆಗುತ್ತದೆ. ಹೆಬ್ಬೆಟ್ಟು ಒತ್ತಿದ ಅಜ್ಜಿಗೂ, ನಾಮಪತ್ರ ಸಲ್ಲಿಸುವ ಅಭ್ಯರ್ಥಿಗೂ ಅದೇ ಪದ ಸಲ್ಲುತ್ತದೆ.

ಕ್ರಿಯಾಪದ ಕಾಗದದ ಹೆಸರಾದದ್ದು ಹೇಗೆ? ಇಂಗ್ಲೆಂಡಿನ ನ್ಯಾಯಾಲಯಗಳ ದಾಖಲೆಗಳು ಬಹುಕಾಲ ಲ್ಯಾಟಿನ್ನಿನಲ್ಲೇ ಇದ್ದವು. ಇಂಥವನು ಆಣೆಯಿಟ್ಟು ಹೇಳಿದ್ದಾನೆ ಎಂದು ಗುಮಾಸ್ತ ಬರೆಯುತ್ತಿದ್ದ. ಬರೆದ ಆ ಪದವೇ ಕಾಲಕ್ರಮದಲ್ಲಿ ಕಾಗದಕ್ಕೆ ಅಂಟಿಕೊಂಡಿತು. ಹದಿನಾರನೆಯ ಶತಮಾನದ ಕೊನೆಗೆ ಇಂಗ್ಲಿಷ್ ಬರಹದಲ್ಲಿ ಅದು ನಾಮಪದವಾಗಿ ಕಾಣುತ್ತದೆ. ಕೋರ್ಟಿನ ದಾಖಲೆಗಳು ಇಂಗ್ಲಿಷಿನಲ್ಲೇ ಇರಬೇಕೆಂಬ ಕಾನೂನು 1733ರಲ್ಲಿ ಜಾರಿಗೆ ಬಂದು ಲ್ಯಾಟಿನ್ ಹೊರಗೆ ಹೋಯಿತು. ಈ ಪದ ಉಳಿದುಕೊಂಡಿತು. ಅಲ್ಲಿನ ಸಾಮಾನ್ಯರಿಗೂ ಅದು ನಾಲಿಗೆಗೆ ಒಗ್ಗಲಿಲ್ಲವೆಂದು ಕಾಣುತ್ತದೆ. ಕತ್ತರಿಸಿ ‘ಡೇವಿ’ ಎಂದು ಮಾಡಿಕೊಂಡರು. ನಮ್ಮವರ ‘ಅಪಿಡೆವಿಟ್ಟು’ ಅದಕ್ಕಿಂತ ಮೂಲಕ್ಕೆ ಹತ್ತಿರವಿದೆ.

ಇಂಥ ಕ್ರಿಯಾಪದಗಳು ಇನ್ನೂ ಇವೆ. ದಾಯಾದಿ ಜಗಳದಲ್ಲಿ “ಅವರು ಆಗಲೇ ಕೇವಿಯಟ್ ಹಾಕವ್ರೆ” ಎನ್ನುವಾಗ ನಾವು ಹೇಳುತ್ತಿರುವುದು ‘ಎಚ್ಚರವಾಗಿರಲಿ’ ಎಂಬ ಲ್ಯಾಟಿನ್ ವಾಕ್ಯವನ್ನು. ನನಗೆ ತಿಳಿಸದೆ ತಡೆಯಾಜ್ಞೆ ಕೊಡಬೇಡಿ ಎಂದು ಮುಂಚಿತವಾಗಿ ಕೋರ್ಟಿಗೆ ಹಾಕುವ ಈ ಅರ್ಜಿಗೆ ಸಿವಿಲ್ ಪ್ರಕ್ರಿಯಾ ಸಂಹಿತೆಯಲ್ಲಿ 1976ರ ತಿದ್ದುಪಡಿಯಿಂದ ಜಾಗ ಸಿಕ್ಕಿತು. ಆಯುಸ್ಸು 90 ದಿನ. ಹೈಕೋರ್ಟಿನ ‘ಮ್ಯಾಂಡಮಸ್’ ಎಂದರೆ ‘ನಾವು ಆಜ್ಞಾಪಿಸುತ್ತೇವೆ’. ವೀಟೊ ಎಂದರೆ ‘ತಡೆಯುತ್ತೇನೆ’. ಬಜೆಟ್ ಕಾಲದಲ್ಲಿ ಕೇಳುವ ಡೆಫಿಸಿಟ್ ಎಂದರೆ ‘ಸಾಲದಾಗಿದೆ’. ಸಿನಿಮಾ ಮಂದಿರದ ಕೆಂಪು ದೀಪದ ಎಕ್ಸಿಟ್ ಕೂಡ ‘ಹೊರಗೆ ಹೋಗುತ್ತಾನೆ’ ಎಂಬ ವಾಕ್ಯವೇ, ಮೊದಲಿಗೆ ನಾಟಕದ ಪಾತ್ರಧಾರಿಗೆ ಬರೆದ ಸೂಚನೆ. ಲ್ಯಾಟಿನ್ ಸತ್ತ ಭಾಷೆ ಎನ್ನುವವರು ನಮ್ಮ ತಾಲ್ಲೂಕು ಕೋರ್ಟುಗಳನ್ನು ನೋಡಿಲ್ಲ.

ಬಲಗೈಯ ಲೆಕ್ಕ

ಅಫಿಡವಿಟ್ಟಿನ ಬೇರು ‘ಫಿಡೆಸ್’. ನಂಬಿಕೆ, ಕೊಟ್ಟ ಮಾತು, ಮಾತಿಗೆ ನಿಲ್ಲುವ ಗುಣ, ಎಲ್ಲವೂ ಸೇರಿದ ಪದ. ನಿಶ್ಚಿತಾರ್ಥವಾದವರನ್ನು ಕರೆಯುವ ಫಿಯಾನ್ಸಿ, ಬಾಡಿಗೆ ಮನೆಯ ಕಾಗದದಲ್ಲೂ ಇಣುಕುವ ಬೋನಾಫೈಡ್ ಇದೇ ಬಳ್ಳಿಯವು. ರೋಮಿನವರು ಫಿಡೆಸ್‌ಳನ್ನು ದೇವತೆಯಾಗಿ ಪೂಜಿಸಿದರು. ಕ್ಯಾಪಿಟೋಲಿನ್ ಗುಡ್ಡದ ಮೇಲೆ ಅವಳಿಗೆ ಗುಡಿ ಇತ್ತು. ಅವಳಿಗೆ ಬಲಿ ಕೊಡುವ ಪೂಜಾರಿ ಬಲಗೈಗೆ ಬೆರಳಿನ ತನಕ ಬಟ್ಟೆ ಸುತ್ತಿಕೊಂಡಿರಬೇಕಿತ್ತು; ನಂಬಿಕೆ ನೆಲೆಸಿರುವುದು ಬಲಗೈಯಲ್ಲಿ ಎಂದು ಅವರ ಎಣಿಕೆ. ರೋಮನ್ ನಾಣ್ಯಗಳಲ್ಲಿ ಒಂದನ್ನೊಂದು ಹಿಡಿದ ಎರಡು ಬಲಗೈಗಳ ಚಿತ್ರ, ಸುತ್ತ ಅವಳ ಹೆಸರು.

ಇದನ್ನು ಓದುವಾಗ ಹಾಸನ ಜಿಲ್ಲೆಯವರಿಗೆ ನೆನಪಾಗಬೇಕಾದದ್ದು ಚನ್ನರಾಯಪಟ್ಟಣ ತಾಲ್ಲೂಕಿನಲ್ಲೇ ಇದೆ. ಶ್ರವಣಬೆಳಗೊಳಕ್ಕೆ ಹೋದವರು ನೇರ ಬೆಟ್ಟ ಹತ್ತಿ ಗೊಮ್ಮಟನನ್ನು ನೋಡಿ ಇಳಿಯುತ್ತಾರೆ. ಊರೊಳಗಿನ ಭಂಡಾರಿ ಬಸದಿಯಲ್ಲಿ 1368ರ ಒಂದು ಶಾಸನವಿದೆ, ಅದರ ಹತ್ತಿರ ನಿಲ್ಲುವವರು ಕಡಿಮೆ. ವಿಜಯನಗರದ ಮೊದಲನೆಯ ಬುಕ್ಕರಾಯನ ಕಾಲದ್ದು. ಜೈನರಿಗೂ ‘ಭಕ್ತರು’ ಎಂದು ಶಾಸನ ಕರೆಯುವ ಶ್ರೀವೈಷ್ಣವರಿಗೂ ವ್ಯಾಜ್ಯ ಬಂತು. ಆನೆಗೊಂದಿ, ಹೊಸಪಟ್ಟಣ, ಪೆನುಗೊಂಡೆ, ಕಲ್ಲೇಹ ಮೊದಲಾದ ಊರುಗಳ ಜೈನರು ತಮಗೆ ಅನ್ಯಾಯವಾಗುತ್ತಿದೆ ಎಂದು ರಾಜನಿಗೆ ಮೊರೆಯಿಟ್ಟರು. ರಾಜ ಎರಡೂ ಕಡೆಯ ಹಿರಿಯರನ್ನು ಕರೆಸಿದ. ಎರಡು ದರ್ಶನಕ್ಕೂ ಭೇದವಿಲ್ಲ ಎಂದು ಹೇಳಿ, ಜೈನರ ಕೈಯನ್ನು ಹಿಡಿದು ವೈಷ್ಣವರ ಕೈಯಲ್ಲಿ ಇಟ್ಟ.

ಕೈ ಹಿಡಿದು ಕೈಗಿಟ್ಟದ್ದೇ ಅಲ್ಲಿನ ಪ್ರಮಾಣ. ಆದರೆ ರಾಜ ಅಷ್ಟಕ್ಕೇ ಬಿಡಲಿಲ್ಲ. ಪಂಚಮಹಾವಾದ್ಯ, ಕಲಶ ಜೈನರಿಗೂ ಸಲ್ಲತಕ್ಕದ್ದು ಎಂದು ವಿಧಿಸಿದ. ರಾಜ್ಯದ ಜೈನರು ಮನೆಗೊಂದು ಹಣದಂತೆ ವರ್ಷವರ್ಷ ಕೊಡಬೇಕು; ತಿರುಮಲೆಯ ತಾತಯ್ಯ ಆ ದುಡ್ಡಿನಲ್ಲಿ ಬೆಳಗೊಳದ ದೇವರಿಗೆ ಇಪ್ಪತ್ತು ಮಂದಿ ಕಾವಲಿನವರನ್ನು ಇಡಬೇಕು; ಮಿಕ್ಕದ್ದರಲ್ಲಿ ಜೀರ್ಣವಾದ ಜಿನಾಲಯಗಳಿಗೆ ಸುಣ್ಣ ಹೊಡೆಸಬೇಕು. ತಪ್ಪಿದವನು ರಾಜದ್ರೋಹಿ, ಸಂಘದ್ರೋಹಿ. ಮಾತು, ಮಾತಿಗೆ ಬೇಕಾದ ಖರ್ಚು, ಜವಾಬ್ದಾರಿ ಹೊರುವವನ ಹೆಸರು, ತಪ್ಪಿದರೆ ಏನು ಎಂಬುದು, ನಾಲ್ಕೂ ಒಂದೇ ಕಲ್ಲಿನಲ್ಲಿವೆ. ಕಚೇರಿಯ ಇಂದಿನ ಎಷ್ಟೋ ಆದೇಶಗಳಲ್ಲಿ ಈ ನಾಲ್ಕು ಒಟ್ಟಿಗೆ ಸಿಗುವುದಿಲ್ಲ ಎನ್ನುವುದು ಬೇರೆ ಮಾತು.

ಕೊಟ್ಟ ಮಾತಿಗೆ ನಮ್ಮ ಹಳೆಯ ಹೆಸರು ‘ಭಾಷೆ’. “ಭಾಷೆ ಕೊಟ್ಟೆಯಲ್ಲ” ಎಂದು ಅಜ್ಜಂದಿರು ಈಗಲೂ ಕೇಳುತ್ತಾರೆ. ಹಳೇಬೀಡಿನ ಹೊಯ್ಸಳೇಶ್ವರ ಗುಡಿಯ ಬಳಿಯ ಗರುಡಗಂಬ ಅಂಥ ಭಾಷೆಯ ಕಥೆಯನ್ನೇ ಹೇಳುತ್ತದೆ: ದೊರೆ ಇಮ್ಮಡಿ ಬಲ್ಲಾಳ ತೀರಿಕೊಂಡಾಗ ದಂಡನಾಯಕ ಕುವರ ಲಕ್ಷ್ಮ ಕೊಟ್ಟ ಭಾಷೆಯಂತೆ ಹೆಂಡತಿ ಮತ್ತು ಜೊತೆಗಾರ ವೀರರೊಡನೆ ಪ್ರಾಣ ಬಿಟ್ಟ. ಇಷ್ಟು ಗಟ್ಟಿಯಾಗಿ ಯಾರೂ ಮಾತು ಉಳಿಸಿಕೊಳ್ಳಬಾರದು ಎಂದೇ ಇವತ್ತಿನ ನಮಗೆ ಅನ್ನಿಸೀತು.

ಪಾಪದಿಂದ ಸೆಕ್ಷನ್‌ಗೆ

ಸುಳ್ಳಾಡಿದವನನ್ನು ಹಿಡಿಯುವವರು ಯಾರು? ಹಳೆಯ ಉತ್ತರ: ದೇವರು. ಇದೇ ಜಿಲ್ಲೆಯ ಬೇಲೂರು ತಾಲ್ಲೂಕಿನ ಹಲ್ಮಿಡಿ ಶಾಸನ, ಸುಮಾರು ಕ್ರಿ.ಶ. 450ರದು, ಕೊಟ್ಟ ದತ್ತಿಯನ್ನು ಕದ್ದವನಿಗೆ ಮಹಾಪಾತಕ ಎಂದೇ ಎಚ್ಚರಿಸುತ್ತದೆ. ಮುಂದಿನ ಸಾವಿರ ವರ್ಷದ ಶಾಸನಗಳು ಗಂಗೆಯ ತಡಿಯಲ್ಲಿ ಕವಿಲೆಯನ್ನು ಕೊಂದ ಪಾಪವನ್ನು ಅದಕ್ಕೆ ಸೇರಿಸುತ್ತಾ ಹೋದವು. ಹಳ್ಳಿಯ ಪಂಚಾಯ್ತಿಯಲ್ಲಿ ಗದ್ದೆಯ ಬದುವಿನ ಜಗಳ ಬಗೆಹರಿಯದಿದ್ದರೆ “ಧರ್ಮಸ್ಥಳಕ್ಕೆ ಬಾ, ಮಂಜುನಾಥನ ಮುಂದೆ ಆಣೆ ಮಾಡು” ಎಂಬ ಮಾತು ಇವತ್ತಿಗೂ ಬರುತ್ತದೆ. ಎಷ್ಟೋ ಸಲ ಆಣೆಯ ದಿನಕ್ಕೆ ಮುಂಚೆಯೇ ರಾಜಿಯಾಗುತ್ತದೆ. ಹಾಸನಾಂಬೆಯ ಮೇಲೆ ಆಣೆ ಇಡುವವರಿಗೆ ಮಾತ್ರ ಒಂದು ತೊಡಕು: ಆ ಗುಡಿಯ ಬಾಗಿಲು ತೆರೆಯುವುದು ವರ್ಷಕ್ಕೊಮ್ಮೆ. ನೋಟರಿ ವರ್ಷವಿಡೀ ಸಿಗುತ್ತಾರೆ.

ಬ್ರಿಟಿಷರ ಕೋರ್ಟುಗಳು ಮೊದಲು ನಮ್ಮ ದೇವರನ್ನೇ ನೆಚ್ಚಿದ್ದವು. ಹಿಂದೂಗಳಿಗೆ ಗಂಗಾಜಲ, ಮುಸ್ಲಿಮರಿಗೆ ಕುರಾನ್ ಮುಟ್ಟಿಸಿ ಸಾಕ್ಷಿ ಹೇಳಿಸುತ್ತಿದ್ದರು. ನಿಷ್ಠಾವಂತರು ಆಣೆ ಇಡುವುದಕ್ಕೇ ಹೆದರಿ ಕೋರ್ಟಿಗೆ ಬರದಾದರು. ಕಡೆಗೆ 1840ರ ಕಾಯ್ದೆ ಆ ಆಣೆಗಳನ್ನು ಕೈಬಿಟ್ಟು ಸತ್ಯಪ್ರತಿಜ್ಞೆ ಸಾಕು ಎಂದಿತು. 1873ರ ಆಣೆ ಕಾಯ್ದೆಯಲ್ಲಿ ಒಂದು ಸ್ವಾರಸ್ಯದ ಅವಕಾಶ ಇತ್ತು. “ಎದುರಾಳಿ ಇಂಥ ದೇವರ ಮೇಲೆ ಆಣೆ ಇಟ್ಟು ಹೇಳಿದರೆ ನಾನು ಒಪ್ಪುತ್ತೇನೆ” ಎಂದು ಕಕ್ಷಿದಾರ ಹೇಳಬಹುದಿತ್ತು. ಎದುರಾಳಿ ಆಣೆ ಇಟ್ಟರೆ ಅವನ ಮಾತೇ ಅಂತಿಮ. ಧರ್ಮಸ್ಥಳದ ಪದ್ಧತಿಯನ್ನು ಕೋರ್ಟಿನೊಳಕ್ಕೇ ತಂದ ಹಾಗೆ. ಈಗಿರುವುದು 1969ರ ಆಣೆ ಕಾಯ್ದೆ. ದೇವರ ಹೆಸರಿನಲ್ಲಾದರೂ ಹೇಳಿ, ಸತ್ಯನಿಷ್ಠೆಯಿಂದ ಎಂದಾದರೂ ಹೇಳಿ, ಎರಡಕ್ಕೂ ತೂಕ ಒಂದೇ.

ಹೀಗೆ ಆಣೆಯ ಹಿಂದಿನ ಭಯ ಪಾಪದಿಂದ ಸೆಕ್ಷನ್‌ಗೆ ಬಂತು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 229ನೇ ಸೆಕ್ಷನ್ ಪ್ರಕಾರ ನ್ಯಾಯಾಲಯದ ನಡಾವಳಿಯಲ್ಲಿ ಸುಳ್ಳು ಸಾಕ್ಷ್ಯ ಕೊಟ್ಟರೆ ಏಳು ವರ್ಷದವರೆಗೆ ಸೆರೆ, ಉಳಿದ ಕಡೆ ಮೂರು ವರ್ಷದವರೆಗೆ. ಕೇಳಲು ಭಯಂಕರ. ಆದರೆ ಕೋರ್ಟಿನಲ್ಲಿ ಹೇಳಿದ ಸುಳ್ಳಿಗೆ ಎದುರಾಳಿಯೇ ಠಾಣೆಗೆ ಹೋಗಿ ದೂರು ಕೊಟ್ಟು ಮುಗಿಸುವಂತಿಲ್ಲ. ಆ ಕೋರ್ಟೇ ವಿಚಾರಿಸಿ ದೂರು ಕೊಡಬೇಕು. ತನ್ನ ಮುಂದೆಯೇ ಕೇಸುಗಳ ರಾಶಿ ಇರುವ ನ್ಯಾಯಾಧೀಶರು ಸುಳ್ಳಿನ ಹಿಂದೆ ಇನ್ನೊಂದು ಕೇಸು ಹೂಡಲು ಹೋಗುವುದು ಅಪರೂಪ. ಊರಿಗೂ ಇದು ಗೊತ್ತು.

ಮೊಹರು ಏನು ಹೇಳುತ್ತದೆ

ನೋಟರಿ ಕೂಡ ಲ್ಯಾಟಿನ್ನಿನವರೇ. ‘ನೊಟಾರಿಯಸ್’ ಎಂದರೆ ಗುರುತುಗಳಲ್ಲಿ ಬೇಗ ಬೇಗ ಬರೆದುಕೊಳ್ಳುವವನು, ಅಂದರೆ ಶೀಘ್ರಲಿಪಿಗಾರ. ಮೂಲದ ಅರ್ಥ ಹಿಡಿದರೆ ಆ ಪದವಿ ಕಪ್ಪು ಕೋಟಿನವರಿಗಲ್ಲ, ಪಕ್ಕದಲ್ಲಿ ಕೂತ ಟೈಪಿಸ್ಟ್‌ಗೆ ಸೇರಬೇಕು.

ನಮ್ಮಲ್ಲಿ 1952ರ ನೋಟರಿ ಕಾಯ್ದೆಯಡಿ ಸರ್ಕಾರ ವಕೀಲರನ್ನು ಈ ಕೆಲಸಕ್ಕೆ ನೇಮಿಸುತ್ತದೆ. ಅವರು ಮೊಹರು ಹೊಡೆದ ಕೂಡಲೇ ಕಾಗದದಲ್ಲಿ ಇರುವುದೆಲ್ಲ ಸತ್ಯವಾಯಿತು ಎಂಬ ಭಾವನೆ ಜನರಲ್ಲಿ ಗಟ್ಟಿಯಾಗಿ ಕೂತಿದೆ. ಹಾಗಲ್ಲ. ಇಂಥ ವ್ಯಕ್ತಿ ನನ್ನ ಮುಂದೆ ಹಾಜರಾಗಿ, ಗುರುತು ತೋರಿಸಿ, ಪ್ರಮಾಣ ಮಾಡಿ, ರುಜು ಹಾಕಿದರು ಎಂಬಷ್ಟಕ್ಕೆ ಮಾತ್ರ ನೋಟರಿ ಹೊಣೆ. ಎಮ್ಮೆ ಹಾರುತ್ತದೆ ಎಂದು ಯಾರಾದರೂ ಪ್ರಮಾಣ ಮಾಡಿದರೆ, ಪ್ರಮಾಣ ಮಾಡಿದ್ದು ನಿಜ ಎಂದಷ್ಟೇ ಮೊಹರು ಹೇಳುತ್ತದೆ. ಅದಕ್ಕಾಗಿಯೇ ಆ ದಪ್ಪ ರಿಜಿಸ್ಟರು. ದಿನಾಂಕ, ಹೆಸರು, ಕ್ರಮಸಂಖ್ಯೆ, ರುಜು ಅಲ್ಲಿ ನಮೂದಾಗಬೇಕು. ಅಜ್ಜಿ ಮನೆಯಲ್ಲೇ ಇದ್ದು, ಮೊಮ್ಮಗ ಕಾಗದ ತಂದು ಮೊಹರು ಹೊಡೆಸಿಕೊಂಡು ಹೋದರೆ ಅಲ್ಲಿಗೆ ಅಫಿಡವಿಟ್ಟಿನ ಜೀವವೇ ಹೋಯಿತು.

ಇನ್ನು ಛಾಪಾ ಕಾಗದ. ‘ಬಾಂಡ್ ಪೇಪರ್’ ಎಂದು ಊರಿನವರು ಕರೆಯುವ ಅದರ ಬೆಲೆಗೂ ಆಣೆಯ ಬಲಕ್ಕೂ ಸಂಬಂಧವಿಲ್ಲ. ಅದು ಸರ್ಕಾರಕ್ಕೆ ಸಲ್ಲುವ ಮುದ್ರಾಂಕ ಶುಲ್ಕ, ಅಷ್ಟೆ. ಖಾನಾಪುರದ ಕರೀಂ ಲಾಲಾ ತೆಲಗಿಯ ನಕಲಿ ಛಾಪಾ ಕಾಗದದ ಹಗರಣ ಬಯಲಾದ ಮೇಲೆ ಈ-ಸ್ಟಾಂಪಿಂಗ್ ಬಂತು. ರಾಜ್ಯದಲ್ಲಿ ಅಫಿಡವಿಟ್ಟಿಗೆ 20 ರೂಪಾಯಿ ಇದ್ದ ಶುಲ್ಕ 2024ರ ಫೆಬ್ರುವರಿಯಲ್ಲಿ 100 ರೂಪಾಯಿಗೆ ಏರಿತು. ಹೆಸರಿನ ಒಂದಕ್ಷರ ತಿದ್ದಿಸಲು ಕೂಲಿ ಬಿಟ್ಟು ಬಂದವರಿಗೆ ಅದು ಸಣ್ಣ ಮೊತ್ತವಲ್ಲ.

ಅವರು ಕೊಡುವುದು, ನಾವು ಕೊಡುವುದು

ಅಫಿಡವಿಟ್ಟನ್ನು ಕನ್ನಡದಲ್ಲಿ ‘ಪ್ರಮಾಣಪತ್ರ’ ಎಂದು ಬರೆಯುವುದುಂಟು. ಅಲ್ಲಿಂದಲೇ ಗೊಂದಲ ಶುರು. ಆದಾಯ ಪ್ರಮಾಣಪತ್ರ, ಜಾತಿ ಪ್ರಮಾಣಪತ್ರ, ಜನನ ಪ್ರಮಾಣಪತ್ರ ಇವೆಲ್ಲ ಕಚೇರಿ ನಮಗೆ ಕೊಡುವ ಕಾಗದಗಳು. ನಾವು ಪರಿಶೀಲಿಸಿದ್ದೇವೆ, ಇವರು ಇಂಥವರು ಎಂದು ಸರ್ಕಾರ ನಮ್ಮ ಬಗ್ಗೆ ಹೊಣೆ ಹೊರುತ್ತದೆ. ಅಫಿಡವಿಟ್ ಸಾಗುವುದು ಎದುರು ದಿಕ್ಕಿನಲ್ಲಿ. ನಮ್ಮ ಬಗ್ಗೆ ನಾವೇ ಹೊಣೆ ಹೊತ್ತು ಕಚೇರಿಗೆ ಕೊಡುವ ಕಾಗದ ಅದು. ಪರಿಶೀಲಿಸುವ ಕೆಲಸ ಬಾಕಿ ಉಳಿದಿರುತ್ತದೆ.

ಉಳಿದಿರಬೇಕು ಎನ್ನುವುದು ಸರಿಯಾದೀತು. ನಡೆಯುವುದು ಬೇರೆ. ಕಡತದಲ್ಲಿ ಅಫಿಡವಿಟ್ ಬಂದು ಸೇರಿದರೆ ಮೇಜಿನ ಆಚೆಗಿರುವವರಿಗೆ ನಿರಾಳ. ನಾಳೆ ತಂಟೆ ಬಂದರೆ “ಅವರೇ ಬರೆದುಕೊಟ್ಟಿದ್ದಾರಲ್ಲ” ಎನ್ನಬಹುದು. ವಂಶವೃಕ್ಷದ ಅರ್ಜಿಗೆ ಲಗತ್ತಾಗುವ ಅಫಿಡವಿಟ್ಟಿನಲ್ಲಿ ಒಬ್ಬ ತಂಗಿಯ ಹೆಸರು ಬಿಟ್ಟುಹೋಗಿ, ಅದರ ಮೇಲೆ ಪೌತಿ ಖಾತೆಯಾಗಿ, ಮುಂದೆ ಆ ತಂಗಿ ಪಾಲು ಕೇಳಿ ದಾವೆ ಹೂಡುವುದು ಈ ಸೀಮೆಯ ಸಿವಿಲ್ ಕೋರ್ಟುಗಳಿಗೆ ಹೊಸದೇನಲ್ಲ. ಅಣ್ಣ ಬರೆದುಕೊಟ್ಟ ಕಾಗದವನ್ನು ಮೊದಲ ದಿನವೇ ಊರಲ್ಲಿ ಯಾರಾದರೂ ಹೋಗಿ ವಿಚಾರಿಸಿದ್ದರೆ ದಾವೆಯೇ ಹುಟ್ಟುತ್ತಿರಲಿಲ್ಲ.

ಕಾನೂನು ಈ ವಿಚಾರದಲ್ಲಿ ಜನರಿಗಿಂತ ಜಾಗರೂಕ. ಸಾಕ್ಷ್ಯದ ಕಾಯ್ದೆ ತನ್ನ ವ್ಯಾಪ್ತಿಯಿಂದ ಅಫಿಡವಿಟ್ಟನ್ನು ಹೊರಗಿಟ್ಟಿದೆ. 1872ರ ಹಳೆಯ ಕಾಯ್ದೆಯೂ ಹಾಗೇ ಇತ್ತು, 2023ರ ಹೊಸ ಅಧಿನಿಯಮವೂ ಹಾಗೇ ಇದೆ. ಅಂದರೆ ಅದು ತಾನಾಗಿಯೇ ರುಜುವಾತಲ್ಲ. ಸಿವಿಲ್ ದಾವೆಗಳಲ್ಲಿ 2002ರಿಂದ ಸಾಕ್ಷಿಯ ಮುಖ್ಯ ವಿಚಾರಣೆಯನ್ನು ಅಫಿಡವಿಟ್ ಮೂಲಕವೇ ಸಲ್ಲಿಸುತ್ತಾರೆ, ನಿಜ. ಆದರೆ ಅದಾದ ಮೇಲೆ ಸಾಕ್ಷಿ ಕಟಕಟೆ ಹತ್ತಬೇಕು, ಎದುರು ವಕೀಲರ ಪಾಟೀಸವಾಲಿಗೆ ನಿಲ್ಲಬೇಕು. ಆಣೆ ಗಟ್ಟಿಯೋ ಪೊಳ್ಳೋ ಎಂದು ತಿಳಿಯುವುದು ಅಲ್ಲಿ. ಮೇಜಿನ ಮೇಲೆ ಕೊಟ್ಟುಬಂದ ಕಾಗದಕ್ಕೆ ಪಾಟೀಸವಾಲು ಇಲ್ಲ.

ಕೊನೆಯಲ್ಲಿ ಬರುವ ‘ನನಗೆ ತಿಳಿದಮಟ್ಟಿಗೆ ಸತ್ಯ’ ಎಂಬ ಸಾಲನ್ನೂ ನೋಡಬೇಕು. ಯಾವ ಸಂಗತಿ ಸ್ವತಃ ತಿಳಿದದ್ದು, ಯಾವುದು ಬೇರೆಯವರಿಂದ ಕೇಳಿ ನಂಬಿದ್ದು ಎಂದು ಬಿಡಿಸಿ ಹೇಳಲಿ ಎಂದು ಹುಟ್ಟಿದ ಸಾಲು ಅದು. ಈಗ ಎಲ್ಲಕ್ಕೂ ಒಟ್ಟಾಗಿ ಹೊದಿಸುವ ಹೊದಿಕೆಯಾಗಿದೆ.

ಫಾರಂ 26 ಮತ್ತು ಒಂದು ಲೋಕಸಭಾ ಸ್ಥಾನ

ಅಫಿಡವಿಟ್ಟಿಗೆ ಹಲ್ಲಿದೆ ಎಂದು ಇಡೀ ದೇಶ ನೋಡಿದ್ದು ಹಾಸನದ ಕಡೆಯಿಂದಲೇ.

ಚುನಾವಣೆಗೆ ನಿಲ್ಲುವವರು ತಮ್ಮ ಆಸ್ತಿ, ಸಾಲ, ವಿದ್ಯೆ, ಕ್ರಿಮಿನಲ್ ಕೇಸುಗಳ ವಿವರವನ್ನು ಅಫಿಡವಿಟ್ಟಿನಲ್ಲಿ ಕೊಡಬೇಕೆಂಬ ನಿಯಮ ತಾನಾಗಿ ಬಂದದ್ದಲ್ಲ. ಅಹಮದಾಬಾದಿನ ಐಐಎಂ ಪ್ರಾಧ್ಯಾಪಕರು ಕಟ್ಟಿದ ಎಡಿಆರ್ ಸಂಸ್ಥೆ 1999ರಲ್ಲಿ ದೆಹಲಿ ಹೈಕೋರ್ಟಿಗೆ ಹೋಯಿತು. 2002ರ ಮೇ 2ರಂದು ಸುಪ್ರೀಂ ಕೋರ್ಟ್ ಮತದಾರನಿಗೆ ಈ ವಿವರ ತಿಳಿಯುವ ಹಕ್ಕಿದೆ ಎಂದಿತು. ಕಾನೂನು ತಿದ್ದಿ ಆ ತೀರ್ಪನ್ನು ತೆಳುಮಾಡುವ ಪ್ರಯತ್ನವನ್ನೂ 2003ರ ಮಾರ್ಚಿನಲ್ಲಿ ಕೋರ್ಟ್ ತಳ್ಳಿಹಾಕಿತು. ಹಾಗೆ ನೆಲೆನಿಂತದ್ದು ಈ ಅಫಿಡವಿಟ್ಟಿನ ನಮೂನೆ, ಫಾರಂ 26. ಅಂಕಣ ಖಾಲಿ ಬಿಡುವಂತಿಲ್ಲ ಎಂಬುದು 2013ರ ತೀರ್ಪು. 2019ರ ಫೆಬ್ರುವರಿಯಲ್ಲಿ ಐದು ವರ್ಷದ ಆದಾಯ ತೆರಿಗೆ ಲೆಕ್ಕವನ್ನೂ ಅದಕ್ಕೆ ಸೇರಿಸಿದರು.

ಅದೇ 2019ರ ಚುನಾವಣೆಯಲ್ಲಿ ಹಾಸನದಲ್ಲಿ ಎಚ್.ಡಿ. ದೇವೇಗೌಡರು ತಮ್ಮ ಕ್ಷೇತ್ರವನ್ನು ಹೊಳೆನರಸೀಪುರದ ಮನೆತನದ ಮೊಮ್ಮಗ ಪ್ರಜ್ವಲ್ ರೇವಣ್ಣ ಅವರಿಗೆ ಬಿಟ್ಟುಕೊಟ್ಟರು. ಎದುರಾಳಿ ಅರಕಲಗೂಡಿನ ಎ. ಮಂಜು, ಆಗಷ್ಟೇ ಕಾಂಗ್ರೆಸ್ಸಿನಿಂದ ಬಿಜೆಪಿಗೆ ಬಂದವರು. ಜೆಡಿಎಸ್‌ನ ಪ್ರಜ್ವಲ್ 1.41 ಲಕ್ಷ ಮತಗಳ ಅಂತರದಲ್ಲಿ ಗೆದ್ದರು. ಅಫಿಡವಿಟ್ಟಿನಲ್ಲಿ ಆಸ್ತಿಯ ವಿವರ ಮುಚ್ಚಿಟ್ಟಿದ್ದಾರೆ ಎಂದು ಮಂಜು ಒಂದು ತಕರಾರು ಅರ್ಜಿ ಹಾಕಿದರು, ಕ್ಷೇತ್ರದ ಮತದಾರರೂ ವಕೀಲರೂ ಆದ ಜಿ. ದೇವರಾಜೇಗೌಡ ಇನ್ನೊಂದು.

ಚುನಾವಣಾ ತಕರಾರುಗಳನ್ನು ಆರು ತಿಂಗಳಲ್ಲಿ ಮುಗಿಸಲು ಯತ್ನಿಸಬೇಕು ಎನ್ನುತ್ತದೆ ಪ್ರಜಾಪ್ರತಿನಿಧಿ ಕಾಯ್ದೆ. ಇದು ನಾಲ್ಕು ವರ್ಷ ದಾಟಿತು. 2023ರ ಸೆಪ್ಟೆಂಬರ್ 1ರಂದು ಹೈಕೋರ್ಟಿನ ನ್ಯಾಯಮೂರ್ತಿ ಕೆ. ನಟರಾಜನ್ ಅವರು ಪ್ರಜ್ವಲ್ ಆಯ್ಕೆಯನ್ನು ಅಸಿಂಧು ಎಂದು ತೀರ್ಪಿತ್ತರು. ತಮ್ಮನ್ನೇ ಗೆದ್ದವರೆಂದು ಘೋಷಿಸಬೇಕು ಎಂಬ ಮಂಜು ಅವರ ಬೇಡಿಕೆಯನ್ನು ಒಪ್ಪಲಿಲ್ಲ. ಅಷ್ಟು ಹೊತ್ತಿಗೆ ಹಾಸನದ ರಾಜಕೀಯವೇ ಮಗುಚಿಕೊಂಡಿತ್ತು: ಅರ್ಜಿದಾರ ಮಂಜು ಅದೇ ಮೇ ತಿಂಗಳಲ್ಲಿ ಅರಕಲಗೂಡಿನಿಂದ ಜೆಡಿಎಸ್ ಶಾಸಕರಾಗಿದ್ದರು. ಕೇಸು ಗೆದ್ದವರೂ ಸೋತವರೂ ಒಂದೇ ಪಕ್ಷದವರು. ಪಕ್ಷ ಬದಲಾದರೂ ಆಣೆಯ ಕಾಗದ ಬದಲಾಗಲಿಲ್ಲ.

ಸೆಪ್ಟೆಂಬರ್ 18ರಂದು ಸುಪ್ರೀಂ ಕೋರ್ಟ್ ತೀರ್ಪಿಗೆ ತಡೆ ಕೊಟ್ಟಿತು. ಅವಧಿ ಮುಗಿಯುವ ತನಕ ಸ್ಥಾನ ಖಾಲಿಯಾಗಲಿಲ್ಲ. 2024ರ ಚುನಾವಣೆಯಲ್ಲಿ ಕಾಂಗ್ರೆಸ್ಸಿನ ಶ್ರೇಯಸ್ ಪಟೇಲ್ ಗೆದ್ದರು. ಆ ನಡುವೆ ಪ್ರಜ್ವಲ್ ವಿರುದ್ಧ ಹೊರಬಂದ ಗಂಭೀರ ಅಪರಾಧ ಪ್ರಕರಣಗಳು ಇಲ್ಲಿಯ ವಿಷಯವಲ್ಲ.

ಈ ಕೇಸಿನಲ್ಲಿ ಗಮನಿಸಬೇಕಾದದ್ದು ಹಣದ ಮೊತ್ತವನ್ನಲ್ಲ, ದಾರಿಯನ್ನು. ಅಫಿಡವಿಟ್ ಪಡೆದ ಅಧಿಕಾರಿ ಅದನ್ನು ಅಗೆದು ನೋಡಿದ್ದಕ್ಕೆ ಇದು ಹೊರಬಂದದ್ದಲ್ಲ. ಆ ಕೆಲಸ ಅವರದ್ದೂ ಅಲ್ಲ. ಅವರು ಸೂಚನಾ ಫಲಕಕ್ಕೆ ಹಚ್ಚುತ್ತಾರೆ, ಚುನಾವಣಾ ಆಯೋಗದ ತಾಣಕ್ಕೆ ಏರಿಸುತ್ತಾರೆ. ಸೋತವರೂ ಮತದಾರರೂ ಓದಿ, ಪಹಣಿ, ನೋಂದಣಿ ಕಾಗದ ಹುಡುಕಿ ಕೋರ್ಟಿಗೆ ಹೋದರು. ಸುಳ್ಳು ಅಫಿಡವಿಟ್ಟಿಗೆ ಪ್ರಜಾಪ್ರತಿನಿಧಿ ಕಾಯ್ದೆಯ 125ಎ ಸೆಕ್ಷನ್ ಇಟ್ಟಿರುವ ಶಿಕ್ಷೆ ಆರು ತಿಂಗಳವರೆಗಿನ ಸೆರೆ, ಇಲ್ಲವೇ ದಂಡ, ಇಲ್ಲವೇ ಎರಡೂ. ಸ್ಥಾನ ಕಳೆದುಕೊಳ್ಳುವ ಭಯದ ಮುಂದೆ ಅದು ಏನೇನೂ ಅಲ್ಲ.

ಹಾಗೆಂದು ಪ್ರತಿಯೊಂದು ಲೋಪಕ್ಕೂ ಆಯ್ಕೆ ಬೀಳುವುದಿಲ್ಲ. 2024ರ ಏಪ್ರಿಲ್‌ನಲ್ಲಿ ಅರುಣಾಚಲದ ಶಾಸಕರೊಬ್ಬರ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಬಟ್ಟೆ, ಚಪ್ಪಲಿ, ಪಾತ್ರೆ, ಪೀಠೋಪಕರಣವನ್ನೆಲ್ಲ ಅಭ್ಯರ್ಥಿ ಪಟ್ಟಿಮಾಡಬೇಕಿಲ್ಲ ಎಂದಿತು. ಬೆಲೆ ದೊಡ್ಡದಿದ್ದರೆ, ಐಷಾರಾಮದ ಬದುಕನ್ನು ತೋರುವಂತಿದ್ದರೆ ಮಾತ್ರ ಹೇಳಲೇಬೇಕು.

ಬಿಳಿ ಹಾಳೆಯೂ ನಡೆಯುತ್ತದೆ

ಎಲ್ಲಕ್ಕೂ ಅಫಿಡವಿಟ್ ಬೇಕೇ ಎಂದು ಸರ್ಕಾರವೇ ಕೇಳಿಕೊಂಡದ್ದುಂಟು. ದಾಖಲೆಗಳ ನಕಲಿಗೆ ಗೆಜೆಟೆಡ್ ಅಧಿಕಾರಿಯ ರುಜು ಬದಲು ಸ್ವಯಂ ದೃಢೀಕರಣ ಸಾಕು ಎಂದು ಕೇಂದ್ರ ಸರ್ಕಾರ 2014ರಲ್ಲಿ ಹೇಳಿತು. ಪಾಸ್‌ಪೋರ್ಟ್ ಅರ್ಜಿಯ ಜೊತೆ ಕೊಡುವ ಘೋಷಣೆಗಳು ಬಿಳಿ ಹಾಳೆಯ ಮೇಲಿದ್ದರೆ ಸಾಕು, ನೋಟರಿ ಬೇಕಿಲ್ಲ ಎಂದು 2016ರ ಡಿಸೆಂಬರಿನಲ್ಲಿ ವಿದೇಶಾಂಗ ಸಚಿವಾಲಯ ನಿಯಮ ಬದಲಿಸಿತು. ಬಿಳಿ ಹಾಳೆ ಎಂದ ಮಾತ್ರಕ್ಕೆ ಸುಳ್ಳಿಗೆ ರಿಯಾಯಿತಿ ಇಲ್ಲ. ಕಾನೂನು ಕೇಳುವ ಘೋಷಣೆಯಲ್ಲಿ ಗೊತ್ತಿದ್ದೂ ಸುಳ್ಳು ಬರೆದರೆ ಸುಳ್ಳು ಸಾಕ್ಷ್ಯದ ಶಿಕ್ಷೆಯೇ ಅದಕ್ಕೂ ಅಂಟುತ್ತದೆ.

ಆದ್ದರಿಂದ ಕಚೇರಿಯಲ್ಲಿ “ಅಫಿಡವಿಟ್ ತನ್ನಿ” ಎಂದರೆ, ಯಾವ ನಿಯಮದಡಿ ಬೇಕು, ಸ್ವಯಂ ಘೋಷಣೆ ನಡೆಯುವುದಿಲ್ಲವೇ ಎಂದು ವಿನಯದಿಂದಲೇ ಕೇಳಿ ನೋಡಬಹುದು. ಬೇಕೇ ಬೇಕು ಎಂದಾದರೆ ಟೈಪಾದ ಹಾಳೆಯನ್ನು ರುಜುವಿಗೆ ಮೊದಲು ಓದಬೇಕು. ಓದಲು ಬಾರದವರು ಮನೆಯವರಲ್ಲದ ಒಬ್ಬರಿಂದ ಓದಿಸಿ ಕೇಳಬೇಕು. ಹಿಂದಿನವರ ಕಾಗದವನ್ನೇ ತಿದ್ದಿ ಟೈಪ್ ಮಾಡುವ ಅವಸರದಲ್ಲಿ ಬೇರೆಯವರ ಸರ್ವೆ ನಂಬರು ನಮ್ಮ ಆಣೆಯೊಳಗೆ ಉಳಿದುಬಿಡುವುದುಂಟು. ಖಾಲಿ ಹಾಳೆಗೆ ಹೆಬ್ಬೆಟ್ಟು ಒತ್ತಬಾರದು. ನೋಟರಿಯ ರಿಜಿಸ್ಟರಿನಲ್ಲಿ ನಮ್ಮ ರುಜು ಬಿತ್ತೇ, ಅಲ್ಲಿನ ಕ್ರಮಸಂಖ್ಯೆ ಮತ್ತು ದಿನಾಂಕ ನಮ್ಮ ಕಾಗದದ ಮೇಲೂ ಬಂತೇ ಎಂದು ನೋಡಿಕೊಂಡು, ಕೊಡುವ ಮುಂಚೆ ಒಂದು ಜೆರಾಕ್ಸ್ ಮಾಡಿಸಿ ಪಹಣಿಯ ಜೊತೆಗೇ ಇಟ್ಟುಕೊಳ್ಳಬೇಕು.